ಸಮುದ್ರದ ಟೈಮ್‌ಟೇಬಲ್

"ಸಾರ್, ಬನಾನಾ ರೈಡ್ ಅಂದ್ರೆ ಬಾಳೆಹಣ್ಣು ಕೊಡ್ತಾರಾ?"

ಸಮರ್ಥ ಕೇಳಿದ್ದೇ ತಡ, ಆರನೇ ಕ್ಲಾಸು ಪೂರ್ತಿ ಗೊಳ್ಳೆಂದು ನಕ್ಕಿತು. ಹೆಡ್‌ಮಾಸ್ಟರ್ ಮುನಿಗಂಗಪ್ಪ ಸಾರ್ ಮಾತ್ರ ನಗಲಿಲ್ಲ. ಟ್ರಾವೆಲ್ಸ್‌ನವರು ಕೊಟ್ಟಿದ್ದ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಂದು ಸಲ ಓದಿದರು.

"ಬಾಳೆಹಣ್ಣಿನ ತರ ಇರೋ ರಬ್ಬರ್ ಬೋಟು ಕಣೋ. ಅದರ ಮೇಲೆ ಕೂರಿಸಿ ನೀರಲ್ಲಿ ಎಳ್ಕೊಂಡು ಹೋಗ್ತಾರೆ. ಆಮೇಲೆ ಜೆಟ್ ಸ್ಕೀ. ಆಮೇಲೆ ಪ್ಯಾರಾಚೂಟು. ಒಂದೊಂದಕ್ಕೂ ಬೇರೆ ಬೇರೆ ಟಿಕೆಟ್ಟು."

ಕೊಡಿಗೇಹಳ್ಳಿಯ ಆ ಶಾಲೆಯಿಂದ ಸಮುದ್ರಕ್ಕೆ ಟ್ರಿಪ್ ಹೊರಟಿದ್ದು ಅದೇ ಮೊದಲು. ಡಿಸೆಂಬರ್ ಇಪ್ಪತ್ತಾರರ ರಾತ್ರಿ ಬಸ್ಸು ಹತ್ತಿದರೆ ಇಪ್ಪತ್ತೇಳರ ಬೆಳಿಗ್ಗೆ ಪಡುಗುಡ್ಡೆ. ಅದು ಕರಾವಳಿಯ ಒಂದು ಸಣ್ಣ ಊರು. ಮುಖ ತೊಳೆಯಲು, ಊಟ ಮಾಡಲು ಅಲ್ಲಿನ ಶಾಲೆಯವರೇ ಜಾಗ ಕೊಡುತ್ತೇವೆ ಎಂದಿದ್ದರು.

"ಈಗ ಕೈ ಎತ್ತಿ," ಎಂದರು ಸಾರ್. "ಬಸ್ ಚಾರ್ಜು ಎಲ್ಲಾರೂ ಕೊಡ್ತೀರಿ. ಈ ಟಿಕೆಟ್ಟುಗಳ ದುಡ್ಡೂ ಕೊಡ್ತೀವಿ ಅಂತ ಯಾರ ಮನೇಲಿ ಒಪ್ಪಿದ್ದಾರೆ?"

ಕೈಗಳು ಮೇಲೆದ್ದವು. ಅಮ್ರೀನ್‌ಳ ಕೈ ಡೆಸ್ಕಿನ ಮೇಲೇ ಇತ್ತು. "ಬಸ್ಸಿಗೆ ಕೊಡ್ತೀನಿ ಬೇಟಾ. ನೀರಲ್ಲಿ ಎಳೆಸ್ಕೊಳ್ಳೋಕೂ ದುಡ್ಡಾ?" ಎಂದು ಅವಳ ಅಬ್ಬಾ ನಕ್ಕುಬಿಟ್ಟಿದ್ದರು. ಅವರದು ಸೋಫಾ ರಿಪೇರಿ ಅಂಗಡಿ. ಈ ತಿಂಗಳು ಕೆಲಸ ಕಡಿಮೆ ಎಂದು ಅವಳಿಗೂ ಗೊತ್ತಿತ್ತು.

ಅವಳು ಓರೆಗಣ್ಣಿನಿಂದ ಸುತ್ತ ನೋಡಿದಳು. ಪಕ್ಕದ ಅಸ್ಮಾಳ ಕೈಯೂ ಕೆಳಗೇ ಇತ್ತು. ಹಿಂದಿನ ಬೆಂಚು ಪೂರ್ತಿ ಕೆಳಗೇ ಇತ್ತು.

ಸಾರ್ ಎಣಿಸಿದರು. "ಹತ್ತೊಂಬತ್ತು. ಅಂದ್ರೆ ಹದಿಮೂರು ಜನ ಇಲ್ಲ. ಹತ್ತೊಂಬತ್ತು ಜನ ಆಡೋದು, ಹದಿಮೂರು ಜನ ಮರಳಲ್ಲಿ ಕೂತು ಬಾಯಿ ಬಿಡೋದು. ಅದು ನನ್ ಕೈಲಿ ನೋಡೋಕಾಗಲ್ಲ. ಟ್ರಿಪ್ ಕ್ಯಾನ್ಸಲ್."

"ಅಯ್ಯೋ ಸಾರ್!" ಎಂದಿತು ಕ್ಲಾಸು.

ಅಮ್ರೀನ್ ಎದ್ದು ನಿಂತಳು. ನಿಂತ ಮೇಲೆಯೇ ತಾನು ನಿಂತಿದ್ದೇನೆ ಎಂದು ಅವಳಿಗೆ ಗೊತ್ತಾಗಿದ್ದು.

"ಸಾರ್, ಸಮುದ್ರಕ್ಕೇ ಟಿಕೆಟ್ ಇದ್ಯಾ?"

ಅವಳು ಮಾತಾಡುವುದೇ ಅಪರೂಪ. ಎಲ್ಲರೂ ತಿರುಗಿದರು. ಸಾರ್ ಕನ್ನಡಕ ತೆಗೆದರು.

"ಸಮುದ್ರಕ್ಕೆ ಟಿಕೆಟ್ ಇಲ್ಲಮ್ಮ. ಆದ್ರೆ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಮೂವತ್ತೆರಡು ಮಕ್ಕಳನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಒಂದು ನಿಮಿಷ ಖಾಲಿ ಬಿಟ್ರೆ ನೀವು ನೀರಿಗೆ ಬೀಳ್ತೀರಾ."

"ಖಾಲಿ ಇಲ್ಲದಂಗೆ ನಾನು ಬರ್ಕೊಂಡು ಬರ್ತೀನಿ ಸಾರ್. ಟಿಕೆಟ್ ಇಲ್ಲದ್ದು. ಇದ್ರೂ ಚಿಲ್ಲರೆ ದುಡ್ಡಿಂದು."

ಸಾರ್ ಟ್ರಾವೆಲ್ಸ್‌ನವರ ಹಾಳೆಯನ್ನು ಮಡಚಿದರು.

"ಸೋಮವಾರ ತಾ. ಗಂಟೆ ಗಂಟೆಗೆ ಏನು ಅಂತ ಇರ್ಬೇಕು. ಗೂಗಲ್‌ನಲ್ಲಿ ಇರೋದನ್ನ ಕಾಪಿ ಮಾಡಿದ್ರೆ ಹರಿದು ಹಾಕ್ತೀನಿ. ಆ ಊರಲ್ಲಿರೋರನ್ನೇ ಕೇಳಿ ಬರೀಬೇಕು."

*

"ನಿನಗೆ ಆ ಊರಲ್ಲಿ ಯಾರು ಗೊತ್ತು?" ಎಂದು ದಾರಿಯಲ್ಲಿ ಸಮರ್ಥ ಕೇಳಿದ. ಅವನು ಕೈ ಎತ್ತಿದವರಲ್ಲಿ ಒಬ್ಬ. ಆದರೂ ಅವಳ ಜೊತೆಗೇ ನಡೆಯುತ್ತಿದ್ದ.

"ಯಾರೂ ಇಲ್ಲ."

"ಮತ್ತೆ?"

"ಹೆಸರು ಎಲ್ಲೋ ನೋಡಿದ್ದೀನಿ ಕಣೋ. ಪಡುಗುಡ್ಡೆ. ನೀಲಿ ಬಣ್ಣದಲ್ಲಿ ಬರೆದಿತ್ತು."

ಎಲ್ಲಿ ಎಂದು ನೆನಪಾಗಿದ್ದು ಶನಿವಾರ ಸಂಜೆ, ಅಮ್ಮಿ "ನಾಳೆ ಬಂಗುಡೆ ತರ್ಬೇಕು" ಎಂದಾಗ.

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಅವಳು ಮೇನ್ ರೋಡಿನ ಸುಬ್ರಮಣಿಯ ಮೀನಿನ ಅಂಗಡಿಯ ಮುಂದೆ ಇದ್ದಳು. ಐಸ್ ತುಂಬಿದ ಪ್ಲಾಸ್ಟಿಕ್ ಕ್ರೇಟುಗಳು ಒಂದರ ಮೇಲೊಂದು ನಿಂತಿದ್ದವು. ಪ್ರತಿ ಕ್ರೇಟಿನ ಮೇಲೂ ನೀಲಿ ಬಣ್ಣದಲ್ಲಿ 'ಪಡುಗುಡ್ಡೆ ಬಂದರು' ಎಂದಿತ್ತು.

"ಎಷ್ಟ್ ಕೆಜಿ?" ಎಂದ ಸುಬ್ರಮಣಿ, ಕತ್ತಿಯಿಂದ ಕಣ್ಣೆತ್ತದೆ.

"ಬಂಗುಡೆ ಒಂದು ಕೆಜಿ. ಆಮೇಲೆ ಅಂಕಲ್, ಈ ಕ್ರೇಟು ಬಂದಿರೋ ಊರು ಬೇಕು."

"ಊರು ಕೆಜಿ ಲೆಕ್ಕದಲ್ಲಿ ಮಾರಲ್ಲಮ್ಮ. ನೆಕ್ಸ್ಟ್ ಯಾರು?"

ಸಾಲಿನಲ್ಲಿದ್ದವರು ನಕ್ಕರು. ಅಮ್ರೀನ್ ಮೀನಿನ ಚೀಲ ಹಿಡಿದು ಪಕ್ಕಕ್ಕೆ ಸರಿದಳು. ಹೋಗಲಿಲ್ಲ. ಐಸ್ ಕರಗಿದ ನೀರು ಅವಳ ಚಪ್ಪಲಿಯ ಕೆಳಗೆ ಹರಿಯುತ್ತಿತ್ತು. ರಸ್ತೆಯ ಆ ಕಡೆ, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಸಮರ್ಥ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದ. ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆಗಾಗ ಕೈಯಾಡಿಸಿ 'ಮುಗೀತಾ?' ಎಂದು ಸನ್ನೆ ಮಾಡುತ್ತಿದ್ದ. ಅವಳು ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಎಂಟೂವರೆಗೆ ಸಾಲು ಕರಗಿತು. ಸುಬ್ರಮಣಿ ಕೈ ತೊಳೆದು ತಿರುಗಿದರೆ ಅವಳು ಇನ್ನೂ ಅಲ್ಲೇ ಇದ್ದಳು.

"ಏನಮ್ಮಾ ನೀನು, ಕಂಬ ಹಾಕ್ದಂಗೆ ನಿಂತಿದ್ದೀಯಲ್ಲ! ಏನ್ ಬೇಕು ನಿಂಗೆ, ಸರಿಯಾಗ್ ಹೇಳು."

ಅವಳು ಒಂದೇ ಉಸಿರಿಗೆ ಟ್ರಿಪ್ಪಿನ ಕಥೆ ಹೇಳಿದಳು. ಕೇಳುತ್ತಾ ಕೇಳುತ್ತಾ ಸುಬ್ರಮಣಿ ಫೋನ್ ತೆಗೆದು ಸ್ಪೀಕರಿಗೆ ಹಾಕಿದ.

"ಜಲಜಕ್ಕಾ, ಬಂಗುಡೆ ವಿಷ್ಯ ಅಲ್ಲ. ಇಲ್ಲೊಂದು ಹುಡುಗಿ ಒಂದೂವರೆ ಗಂಟೆಯಿಂದ ನಿಮ್ಮೂರು ಬೇಕು ಅಂತ ನಿಂತಿದಾಳೆ." ಆಮೇಲೆ ಫೋನನ್ನು ಅಮ್ರೀನ್ ಕೈಗೆ ಕೊಟ್ಟ. "ಬಂದರಲ್ಲಿ ನಮಗೆ ಮೀನು ತುಂಬಿ ಕಳಿಸೋದು ಇವರೇ. ಮಾತಾಡು."

ಫೋನಿನಲ್ಲಿ ಕಾಗೆಗಳ ಗಲಾಟೆ, ಯಾರೋ ಹರಾಜು ಕೂಗುವ ಸದ್ದು. ಅದರ ನಡುವೆ ಒಂದು ದೊಡ್ಡ ದನಿ.

"ನಮ್ಮೂರಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಎಂತದೂ ಇಲ್ಲ. ನೋಡ್ಲಿಕ್ಕೆ ಅಂತ ನಾವೇ ಮಂಗಳೂರಿಗೆ ಹೋಗುದು."

ಸುಬ್ರಮಣಿ 'ಮುಗೀತಲ್ಲ' ಎನ್ನುವಂತೆ ಫೋನಿಗೆ ಕೈ ಚಾಚಿದ. ಅಮ್ರೀನ್ ಫೋನು ಬಿಡಲಿಲ್ಲ.

"ಆಂಟಿ, ನೀವು ಆರನೇ ಕ್ಲಾಸಲ್ಲಿದ್ದಾಗ ಶಾಲೆಗೆ ರಜಾ ಇದ್ರೆ ಏನ್ ಮಾಡ್ತಿದ್ರಿ?"

ಆ ಕಡೆ ಯಾರಿಗೋ 'ಸ್ವಲ್ಪ ನಿಲ್ಲಿ' ಎಂದದ್ದು ಕೇಳಿಸಿತು. ಕಾಗೆಗಳ ಗಲಾಟೆ ಸ್ವಲ್ಪ ದೂರವಾಯಿತು.

"ಆಗಾ?" ಎಂದಿತು ದನಿ, ಈಗ ಸ್ವಲ್ಪ ಮೆತ್ತಗೆ. "ಆಗ ಬೆಳಿಗ್ಗೆ ಎದ್ದು ಬೋಟು ಬರುದು ನೋಡ್ಲಿಕ್ಕೆ ಓಡುದು. ಬುಟ್ಟಿಯಿಂದ ಕೆಳಗೆ ಬಿದ್ದ ಮೀನು ಮಕ್ಕಳಿಗೆ. ಆಮೇಲೆ ಬಲೆ ಹೊಲಿಯುವ ಅಜ್ಜಂದಿರ ಹತ್ರ ಕೂರುದು, ಗಂಟು ಹಾಕ್ಲಿಕ್ಕೆ ಕಲಿಸ್ತಾರೆ. ಈಗಲೂ ಕೂರ್ತಾರೆ ಅಲ್ಲಿ. ಮರದ ದೋಣಿ ಕಟ್ಟುವ ಜಾಗ ಉಂಟಲ್ಲ..."

ಅಮ್ರೀನ್ ರಫ್ ಬುಕ್ಕಿನ ಕೊನೆಯ ಪುಟದಲ್ಲಿ ಬರೆಯುತ್ತಾ ಹೋದಳು. ಹೊಳೆ ದಾಟಿಸುವ ದೋಣಿ, ಬಸ್ಸಿನ ಹಾಗೆ ಐದೋ ಹತ್ತೋ ರೂಪಾಯಿ. ಆ ದಡದಲ್ಲಿ ಚಿಪ್ಪು ಹೆಕ್ಕುವ ಜಾಗ. ನಾಲ್ಕು ಗಂಟೆಗೆ ತೆರೆಯುವ ಲೈಟ್‌ಹೌಸು, ಅದಕ್ಕೂ ಚಿಲ್ಲರೆ ದುಡ್ಡೇ.

"ಮತ್ತೆ ಆನೆಪಾದೆ," ಎಂದರು ಜಲಜಕ್ಕ. "ಪಾದೆ ಅಂದ್ರೆ ಬಂಡೆ. ಸಮುದ್ರದ ಒಳಗೆ ಆನೆ ಮಲಗಿದ ಹಾಗೆ ಉಂಟು. ನಡ್ಕೊಂಡೇ ಹೋಗುದು. ಅದ್ರ ಮೇಲೆ ಗುಂಡಿ ಗುಂಡಿಗಳಲ್ಲಿ ನೀರು ನಿಂತಿರ್ತದೆ. ಒಳಗೆ ಪುಟ್ಟ ಏಡಿ, ನಕ್ಷತ್ರಮೀನು, ಮುಟ್ಟಿದ್ರೆ ಬಾಯಿ ಮುಚ್ಚುವ ಹೂವಿನಂಥದ್ದು. ನಾವು ಮನೆಗೆ ಬರ್ತಾನೇ ಇರ್ಲಿಲ್ಲ. ಅಮ್ಮ ಕೋಲು ಹಿಡ್ಕೊಂಡು ಬರ್ತಿದ್ರು."

"ಯಾವಾಗ ಹೋಗ್ತಿದ್ರಿ ಆಂಟಿ?"

"ಸಂಜೆ. ಐದು ಗಂಟೆ ಹೊತ್ತಿಗೆ. ಹ್ವಾಯ್, ಲಾರಿ ಬಂತು, ಇಡ್ತೇನೆ." ಆದರೆ ಫೋನ್ ಇಡುವ ಮೊದಲು ಒಂದು ಮಾತು ಹೇಳಿದರು. "ಇಷ್ಟೆಲ್ಲ ಉಂಟು ಅಂತ ನನಗೇ ಮರ್ತುಹೋಗಿತ್ತು, ಹೆಣ್ಣೇ."

*

ಸೋಮವಾರ ಅಮ್ರೀನ್ ತಂದ ಹಾಳೆಯನ್ನು ಮುನಿಗಂಗಪ್ಪ ಸಾರ್ ಎರಡು ಸಲ ಓದಿದರು. ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಮಾಡಿದ ಟೈಮ್‌ಟೇಬಲ್. ಬೆಳಿಗ್ಗೆ ಏಳು, ಬೋಟು ಮತ್ತು ಹರಾಜು. ಒಂಬತ್ತೂವರೆ, ಬಲೆ. ಹೀಗೇ ಇಳಿಯುತ್ತಾ ಸಂಜೆ ನಾಲ್ಕು, ಲೈಟ್‌ಹೌಸು. ಐದರಿಂದ ಏಳು, ಆನೆಪಾದೆ. ಮಧ್ಯೆ ಒಂದು ನಿಮಿಷವೂ ಖಾಲಿ ಇರಲಿಲ್ಲ.

"ಭೇಷ್," ಎಂದರು ಸಾರ್. ಅವರ ಬಾಯಿಂದ ಆ ಮಾತು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. "ಆ ಅಮ್ಮನ ನಂಬರ್ ಕೊಡು. ಒಂದ್ಸಲ ಕನ್ಫರ್ಮ್ ಮಾಡ್ಕೋತೀನಿ."

ಸ್ಪೀಕರಿನಲ್ಲಿ ಜಲಜಕ್ಕ ಎಲ್ಲಕ್ಕೂ ಹೂಂ, ಹೂಂ ಎನ್ನುತ್ತಾ ಬಂದರು. ಕೊನೆಯ ಸಾಲಿಗೆ ಬಂದಾಗ ಕೇಳಿದರು, "ಇಪ್ಪತ್ತೇಳನೇ ತಾರೀಕಾ? ಐದು ಗಂಟೆಗೆ ಆನೆಪಾದೆಗೆ ಹೇಗೆ ಹೋಗ್ತೀರಿ ಮಾಷ್ಟ್ರೇ, ಈಜಿಕೊಂಡಾ?"

ಸಾರ್ ಅಮ್ರೀನ್‌ಳನ್ನು ನೋಡಿದರು. ಅಮ್ರೀನ್ ಹಾಳೆಯನ್ನು ನೋಡಿದಳು.

"ಐದು ಗಂಟೆಗೆ ಹೋಗ್ತಿದ್ವಿ ಅಂತ ನೀವೇ ಅಂದ್ರಂತೆ?"

"ಹೌದು, ನೀರು ಇಳಿದ ದಿನ! ಅಷ್ಟೂ ಗೊತ್ತಿಲ್ವಾ? ನೀರು ದಿನಾ ಒಂದೇ ಹೊತ್ತಿಗೆ ಇಳೀತದಾ? ಇವತ್ತು ಇಳಿದದ್ದಕ್ಕಿಂತ ನಾಳೆ ಮುಕ್ಕಾಲು ಗಂಟೆ ತಡ. ಹುಣ್ಣಿಮೆಗೆ, ಅಮಾವಾಸ್ಯೆಗೆ ಐದು ಗಂಟೆಗೆ ಇಳಿದಿರ್ತದೆ. ಅಷ್ಟಮಿ ಬಂತೂಂದ್ರೆ ಅದೇ ಐದು ಗಂಟೆಗೆ ತುಂಬಿರ್ತದೆ. ನೀವು ಹೇಳುವ ದಿನ ಪಾದೆಯ ನೆತ್ತಿ ಕೂಡ ಕಾಣುದಿಲ್ಲ."

ಸಾರ್ ಫೋನ್ ಇಟ್ಟರು. ಬಾಗಿಲ ಹತ್ತಿರ ನಿಂತಿದ್ದ ಸಮರ್ಥ ಪಿಸುಗುಟ್ಟಿದ. "ಉಬ್ಬರ ಇಳಿತ ಕಣೇ! ಮಿಡ್‌ಟರ್ಮ್‌ನಲ್ಲಿ ಬಂದಿತ್ತಲ್ಲ, ಎರಡು ಮಾರ್ಕ್ಸ್!"

ಬಂದಿತ್ತು. ಅಮ್ರೀನ್‌ಗೆ ಎರಡಕ್ಕೆ ಎರಡೂ ಸಿಕ್ಕಿತ್ತು. ಆದರೆ ಆ ಉತ್ತರ ಪೇಪರಿನಲ್ಲೇ ಇತ್ತು. ಅದು ನಿಜವಾದ ನೀರು, ನಿಜವಾಗಿ ಬಂದು ನಿಜವಾಗಿ ಹೋಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಶಾಲೆಯ ಬೆಲ್ ಹೊಡೆದಂತೆ ಸಮುದ್ರವೂ ಸರಿಯಾಗಿ ಐದಕ್ಕೆ ಬಾಗಿಲು ತೆಗೆಯುತ್ತದೆ ಎಂದುಕೊಂಡಿದ್ದಳು.

"ಅದೊಂದು ಬಿಟ್ಟುಬಿಡೋಣ ಸಾರ್," ಎಂದ ಸಮರ್ಥ.

"ಅದಲ್ಲ ಕಣೋ." ಸಾರ್ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. "ಫೋನ್ ಮಾಡದೇ ಹೋಗಿದ್ರೆ? ನಿಮ್ಮನ್ನೆಲ್ಲ ಆ ಬಂಡೆ ಮೇಲೆ ನಿಲ್ಲಿಸಿದಾಗ ನೀರು ಬಂದಿದ್ರೆ? ನಾವು ಕೆರೆ ನೋಡಿ ಬೆಳೆದೋರು. ಕೆರೆ ಇದ್ದಲ್ಲೇ ಇರುತ್ತೆ. ಬೇಡಮ್ಮ. ನಾಳೆ ಬಸ್ಸಿನವರಿಗೆ ಬೇಡ ಅಂದ್ಬಿಡ್ತೀನಿ."

"ನಾಳೆ ಎಷ್ಟೊತ್ತಿಗೆ ಸಾರ್?"

"ಯಾಕೆ?"

"ಪ್ರೇಯರ್ ಬೆಲ್ ಆಗೋವರೆಗೂ ಫೋನ್ ಮಾಡ್ಬೇಡಿ ಸಾರ್. ಪ್ಲೀಸ್."

*

ಮನೆಯಲ್ಲಿ ದಾದಿ, ಅಬ್ಬಾನ ಅಮ್ಮ, ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಅಮ್ರೀನ್ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ದಾದಿ, ಹುಣ್ಣಿಮೆ ಯಾವತ್ತು?"

"ಕೈಕೂ ರೇ? ಪೂರಾ ಚಾಂದಾ?" ದಾದಿ ಆಕಾಶ ನೋಡಲಿಲ್ಲ, ಗೋಡೆಯ ಕ್ಯಾಲೆಂಡರನ್ನೂ ನೋಡಲಿಲ್ಲ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟತೊಡಗಿದರು. ಪ್ರತಿ ಚಾಂದಿನ, ಅಂದರೆ ಚಂದ್ರನ ತಿಂಗಳಿನ, ಹದಿಮೂರು, ಹದಿನಾಲ್ಕು, ಹದಿನೈದಕ್ಕೆ ಅವರಿಗೆ ರೋಜಾ, ಉಪವಾಸ. ಎಷ್ಟು ವರ್ಷದಿಂದ ಹಿಡಿಯುತ್ತಿದ್ದಾರೋ ಅವರಿಗೇ ಮರೆತಿತ್ತು. ಹಾಗಾಗಿ ಇವತ್ತು ಚಾಂದ್ ಎಷ್ಟನೆಯದು ಎಂದು ಯಾವಾಗ ಕೇಳಿದರೂ ಹೇಳುತ್ತಿದ್ದರು.

"ಇಪ್ಪತ್ತೇಳನೇ ತಾರೀಕು ದಾದಿ?"

"ಆವತ್ತು ಚಾಂದ್ ಆರು. ಆಧೀ ರೋಟಿ." ದಾದಿ ಅಂಗೈಯನ್ನು ಅರ್ಧ ರೊಟ್ಟಿಯಂತೆ ಬಗ್ಗಿಸಿದರು.

"ಅದರ ಮುಂದಿನ ಶನಿವಾರ? ಜನವರಿ ಮೂರು?"

ಹೆಬ್ಬೆರಳು ಮತ್ತೆ ಏಳು ಗೆಣ್ಣು ಓಡಿತು. "ತೇರಾ. ಹದಿಮೂರು. ನನ್ನ ಮೊದಲನೇ ರೋಜಾ ಆವತ್ತೇ. ಪೂರಾ ಗೋಲ್ ಇರುತ್ತೆ ನೋಡು."

ಅಮ್ರೀನ್ ದಾದಿಯ ಎರಡೂ ಕೈ ಹಿಡಿದುಕೊಂಡಳು. ಬಟಾಣಿ ಉರುಳಿದವು.

"ಖಾತ್ರಿನಾ ದಾದಿ?"

"ಒಂದು ದಿನ ಆಚೀಚೆ ಆಗ್ಬೋದು. ಮುಂದಿನ ಚಾಂದ್ ಕಣ್ಣಿಗೆ ಕಾಣೋವರೆಗೂ ಖಾತ್ರಿ ಹೆಂಗೆ ಹೇಳ್ಲಿ?"

ಸಾರ್‌ಗೆ ಬೆರಳ ಗೆಣ್ಣು ಸಾಲದು. ಕಾಗದ ಬೇಕು. ಅಮ್ರೀನ್ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದಳು. ಅದು ಡಿಸೆಂಬರ್ ಮೂವತ್ತೊಂದಕ್ಕೆ ಮುಗಿದುಹೋಗಿತ್ತು.

ಹತ್ತು ನಿಮಿಷದಲ್ಲಿ ಅವಳು ಹಿಂದಿನ ಬೀದಿಯ ಸಮರ್ಥನ ಮನೆಯಲ್ಲಿದ್ದಳು. ಅವನ ಅಜ್ಜಿ ಅಲಮೇಲು ಅವರ ಬೀರುವಿನ ಮೇಲೆ ಹೊಸ ವರ್ಷದ ಕ್ಯಾಲೆಂಡರು ರಬ್ಬರ್ ಬ್ಯಾಂಡ್ ಹಾಕಿಕೊಂಡು ಮಲಗಿತ್ತು.

"ಜನವರಿ ಒಂದಕ್ಕೆ ಮುಂಚೆ ಬಿಚ್ಚಲ್ಲಪ್ಪ ನಾನು," ಎಂದರು ಅಲಮೇಲು ಅಜ್ಜಿ. "ಹೊಸದನ್ನ ಹೊಸ ದಿನವೇ ಬಿಚ್ಚಬೇಕು."

"ಅಜ್ಜಿ, ಒಂದೇ ಒಂದು ಚೌಕ," ಎಂದ ಸಮರ್ಥ.

"ಒಂದು ಚೌಕಾನೂ ಇಲ್ಲ."

ಅಮ್ರೀನ್ ಬಾಗಿಲಲ್ಲೇ ನಿಂತಿದ್ದಳು. "ಅಜ್ಜಿ, ನಮ್ಮ ದಾದಿ ಬೆರಳಲ್ಲಿ ಎಣಿಸಿ ಜನವರಿ ಮೂರಕ್ಕೆ ಪೂರ್ತಿ ಚಂದ್ರ ಅಂದ್ರು. ಸರಿನಾ ಅಂತ ನೋಡ್ಬೇಕಿತ್ತು ಅಷ್ಟೇ."

ಅಜ್ಜಿಯ ಹುಬ್ಬು ಮೇಲೇರಿತು. "ಬೆರಳಲ್ಲಾ? ಕ್ಯಾಲೆಂಡರ್ ನೋಡದೇನೇ? ಎರಡು ವಾರ ಮುಂಚೆನೇ?"

"ಹೂಂ."

ಅಜ್ಜಿ ಸೆರಗು ಸಿಕ್ಕಿಸಿಕೊಂಡರು. ಆಮೇಲೆ ತಾವೇ ಸ್ಟೂಲು ಎಳೆದು ಕ್ಯಾಲೆಂಡರು ಇಳಿಸಿ ರಬ್ಬರ್ ಬ್ಯಾಂಡ್ ತೆಗೆದರು. ಮೂರನೇ ಚೌಕದಲ್ಲಿ ಬಿಳಿಯ ದುಂಡನೆಯ ಚಂದ್ರನ ಚಿತ್ರವಿತ್ತು. ಕೆಳಗೆ 'ಹುಣ್ಣಿಮೆ' ಎಂದಿತ್ತು.

"ಪರವಾಗಿಲ್ವೇ ನಿಮ್ಮ ದಾದಿ!" ಎಂದರು ಅಜ್ಜಿ. "ತಗೊಂಡು ಹೋಗು. ಸುಕ್ಕು ಮಾಡಿದ್ರೆ ನೋಡು ಮತ್ತೆ."

*

ಮಂಗಳವಾರ ಪ್ರೇಯರ್ ಬೆಲ್‌ಗೆ ಇನ್ನೂ ಹತ್ತು ನಿಮಿಷ ಇತ್ತು. ಅಮ್ರೀನ್ ಸಾರ್ ಟೇಬಲ್ಲಿನ ಮೇಲೆ ಕ್ಯಾಲೆಂಡರು ಬಿಚ್ಚಿದಳು. ಅದು ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ಡಸ್ಟರ್ ಇಟ್ಟಳು, ಇನ್ನೊಂದು ತುದಿಯನ್ನು ಸಮರ್ಥ ಹಿಡಿದ.

"ಸಾರ್, ಊರೂ ಸರಿ ಇದೆ, ಟೈಮೂ ಸರಿ ಇದೆ. ನಾವು ದಿನ ತಪ್ಪು ಹಾಕ್ಕೊಂಡಿದ್ವಿ."

ಈ ಸಲ ಅವಳ ಮಾತು ಆಫೀಸ್ ರೂಮಿನ ಹೊರಗೂ ಕೇಳಿಸುವಷ್ಟಿತ್ತು.

ಸಾರ್ ಬೆರಳಿಟ್ಟು ಮೂರನೇ ಚೌಕ ನೋಡಿದರು. ಜಲಜಕ್ಕನಿಗೆ ಫೋನ್ ಮಾಡಿದರು.

"ಮೂರಕ್ಕಾ? ಹಾಗಾದ್ರೆ ಚಪ್ಪಲಿ ಕೂಡ ಒದ್ದೆ ಆಗುದಿಲ್ಲ," ಎಂದಿತು ಆ ದೊಡ್ಡ ದನಿ. "ನಮ್ಮ ಬೋಟಿನವರು ನಾಲ್ಕು ಜನ ಜೊತೆಗೆ ಬರ್ತಾರೆ. ಆದ್ರೆ ಮಾಷ್ಟ್ರೇ, ಸೂರ್ಯ ಮುಳುಗುವ ಮೊದಲು ಎಲ್ಲ ಮಕ್ಕಳೂ ಪಾದೆ ಇಳಿದು ದಡದಲ್ಲಿರ್ಬೇಕು. ಅದ್ರಲ್ಲಿ ಮಾತಿಲ್ಲ."

ಸಾರ್ ಆಮೇಲೆ ಬಸ್ಸಿನವರಿಗೆ ಫೋನ್ ಮಾಡಿದರು. ಅಲ್ಲಿ ಸ್ವಲ್ಪ ಜೋರು ಜೋರಾಗಿ ಮಾತಾಯಿತು. ಬೆಲ್ ಹೊಡೆಯಿತು, ಸಾರ್ ಏಳಲಿಲ್ಲ. "ಒಂದು ವಾರ ಮುಂದಕ್ಕೆ ಅಷ್ಟೇ ಕಣ್ರೀ, ಬಸ್ಸು ಹಳಸೋಗುತ್ತಾ?" ಎನ್ನುತ್ತಿದ್ದರು. ಹೊರಗೆ ಮಕ್ಕಳು ಸಾಲು ನಿಂತು ಕಾಯುತ್ತಿದ್ದರು.

ಕೊನೆಗೆ ಫೋನ್ ಇಟ್ಟು ಕೆಂಪು ಪೆನ್ ತೆಗೆದರು. ಅವಳ ಟೈಮ್‌ಟೇಬಲ್ಲಿನ ಮೇಲೆ '27' ಹೊಡೆದು ಹಾಕಿ '3' ಎಂದು ಬರೆದರು. 'ಐದರಿಂದ ಏಳು' ಎಂದಿದ್ದನ್ನು 'ಐದರಿಂದ ಆರು' ಮಾಡಿದರು. ಉಳಿದ ಒಂದು ಗಂಟೆಯ ಮುಂದೆ ಪೆನ್ ಹಿಡಿದು ಯೋಚಿಸಿದರು.

"ಇಲ್ಲಿ ಏನ್ ಹಾಕ್ಲಿ? ಖಾಲಿ ಆಯ್ತಲ್ಲ."

"ಖಾಲಿನೇ ಇರ್ಲಿ ಸಾರ್," ಎಂದಳು ಅಮ್ರೀನ್. "ನೀರು ವಾಪಸ್ ಬರೋದನ್ನ ದಡದಲ್ಲಿ ಕೂತು ನೋಡೋಣ."

ಮಧ್ಯಾಹ್ನದ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ಅಸ್ಮಾ ಬೆರಳಿಟ್ಟು ಎಣಿಸಿದಳು. ಮೂವತ್ತೆರಡು ಹೆಸರು.

*

ಇಪ್ಪತ್ತೇಳನೇ ತಾರೀಕು ಶನಿವಾರ ಸಂಜೆ ಅಮ್ರೀನ್ ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದಳು. ಓದಲು ತಗೊಂಡಿದ್ದ ಸಮಾಜದ ನೋಟ್ಸ್ ವಾಪಸ್ ಕೊಡಲು ಸಮರ್ಥನೂ ಬಂದಿದ್ದ. ಏರ್‌ಪೋರ್ಟ್ ರೋಡಿನ ಕಡೆಯಿಂದ ಹಾರ್ನುಗಳು ಕೇಳುತ್ತಿದ್ದವು. ಒಂದು ವಿಮಾನ ಹೊಟ್ಟೆ ತೋರಿಸುತ್ತಾ ಮೇಲೇರುತ್ತಿತ್ತು.

ಇನ್ನೂ ಬಿಸಿಲಿತ್ತು. ಆದರೂ ನೀಲಿ ಆಕಾಶದಲ್ಲಿ, ನೀರಿನ ಟ್ಯಾಂಕಿನ ಮೇಲೆ ತೆಳ್ಳಗೆ ಬಿಳಿಯಾಗಿ ಚಂದ್ರ ಇದ್ದ. ಸರಿಯಾಗಿ ಅರ್ಧ ರೊಟ್ಟಿ.

"ಟೈಮೆಷ್ಟೋ?"

ಸಮರ್ಥ ವಾಚು ನೋಡಿದ. "ಐದು."

"ಈಗ ಪಾದೆ ಕಾಣ್ತಿಲ್ಲ," ಎಂದಳು ಅಮ್ರೀನ್. "ಪೂರ್ತಿ ಮುಳುಗಿದೆ."

"ಆಹಾ! ನಾನೂರು ಕಿಲೋಮೀಟರ್ ದೂರದ್ದು ಇಲ್ಲಿಂದ ಕಾಣುತ್ತಾ ನಿಂಗೆ?"

ಅವಳು ಹೆಗಲ ಮೇಲಿನ ಬಟ್ಟೆ ಸರಿ ಮಾಡಿಕೊಂಡು ಟ್ಯಾಂಕಿನ ಮೇಲಕ್ಕೆ ನೋಡಿದಳು. ಈ ಕೊಡಿಗೇಹಳ್ಳಿಯ ಚಂದ್ರನೇ ಅಲ್ಲಿಯೂ ಇದ್ದಾನೆ. ಅವನ ಕೆಳಗೆ ಈಗ ಆನೆಯಂಥ ಬಂಡೆಯೊಂದು ನೀರೊಳಗೆ ಮಲಗಿದೆ. ಅದರ ಗುಂಡಿಗಳಲ್ಲಿ ಪುಟ್ಟ ಏಡಿಗಳಿವೆ.

ಅವಳು ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದಳು. ಏಳನೆಯದರ ಮೇಲೆ ಹೆಬ್ಬೆರಳನ್ನು ಹಾಗೇ ಇಟ್ಟುಕೊಂಡು ಮೆಟ್ಟಿಲಿಳಿದಳು.